ನರಸೀಪುರದಿಂದ ಬಂದ ಫ್ಲಾಪಿ

ಆ ಸೋಮವಾರ ಬೆಳಿಗ್ಗೆ ತಂಗಿ ನಂಜನಗೂಡಿನ ನನ್ನ ಡಿಟಿಪಿ ಅಂಗಡಿಗೆ ಬಂದು, ಬ್ಯಾಗಿನಿಂದ ಎರಡು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟಳು. ನೋಡಿದ ಕೂಡಲೇ ಏನೋ ಎಡವಟ್ಟಾಗಿದೆ ಎನಿಸಿತು. ಡಿಟಿಪಿ ಅಂಗಡಿಯವರು ಗಿರಾಕಿಯ ಕೈಗೆ ಫ್ಲಾಪಿ ಕೊಡುವುದುಂಟೇ? ಫೈಲು ನಮ್ಮ ಹತ್ತಿರವೇ ಉಳಿದರೆ ಗಿರಾಕಿ ಒಂದು ಸಾಲು ತಿದ್ದಿಸಲಿಕ್ಕೂ ನಮ್ಮ ಬಾಗಿಲಿಗೇ ಬರಬೇಕು. ನಂಜನಗೂಡಿನಲ್ಲೂ ಹಾಗೇ, ತಿ. ನರಸೀಪುರದಲ್ಲೂ ಹಾಗೇ. ನಾನೇನೂ ಬೇರೆಯಲ್ಲ, ಹೊಟ್ಟೆಪಾಡು. ಅಂಥದ್ದರಲ್ಲಿ ತಂಗಿಯ ಪ್ರಬಂಧ ಟೈಪ್ ಮಾಡುತ್ತಿದ್ದ ನರಸೀಪುರದ ಅಂಗಡಿಯವನು ತಾನಾಗೇ ಫ್ಲಾಪಿ ಕೊಟ್ಟು ಕಳಿಸಿದ್ದಾನೆಂದರೆ, ಅದು ಅವನಿಗೆ ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದೇ ಅರ್ಥ.

“ಅವನ ಕಂಪ್ಯೂಟರಲ್ಲಿ ತೆರೀತಾ ಇಲ್ಲ ಕಣಕ್ಕ. ನಿನ್ನ ಹತ್ರ ಆಗುತ್ತೇನೋ ನೋಡು,” ಎಂದಳು ತಂಗಿ. ಆಮೇಲೆ ಗೋಡೆಯ ಗಡಿಯಾರ ನೋಡಿದಳು. “ಇವತ್ತೇ ಕೊನೇ ದಿನ.”

ಇವತ್ತು ಕೊನೆಯ ದಿನ ಎಂದು ಅವಳು ನನಗೆ ಹೇಳಬೇಕಾಗಿರಲಿಲ್ಲ. ಅವಳ ಪಿಎಚ್‌ಡಿ ಪ್ರಬಂಧಕ್ಕೆ ಸಿಕ್ಕಿದ್ದ ಅವಧಿ ಮುಗಿದು, ಕೈಕಾಲು ಹಿಡಿದು ಮತ್ತೊಂದಿಷ್ಟು ಮುಂದೂಡಿಸಿಕೊಂಡು, ಅದೂ ಮುಗಿಯುವ ದಿನ ಬಂದಿತ್ತು. ಸಂಜೆ ಐದರೊಳಗೆ ಬೈಂಡ್ ಮಾಡಿದ ಪ್ರತಿಗಳು ಮೈಸೂರಿನ ವಿಶ್ವವಿದ್ಯಾಲಯದ ಆಫೀಸು ಸೇರಬೇಕು. ಸೇರದಿದ್ದರೆ ನೋಂದಣಿಯೇ ರದ್ದು. ನರಸೀಪುರದ ಕಾಲೇಜಿನಲ್ಲಿ ಅರೆಕಾಲಿಕ ಪಾಠ ಹೇಳುತ್ತ, ರಜೆಯಲ್ಲೆಲ್ಲ ಹುಲ್ಲಹಳ್ಳಿ ನಾಲೆಯ ಏರಿ ಮೇಲೆ ಓಡಾಡಿ ಮಾಡಿದ ಕೆಲಸ ಅದು. ನಾಲೆಯ ನೀರನ್ನು ಗದ್ದೆಗದ್ದೆಗೆ ಸರದಿಯ ಪ್ರಕಾರ ಬಿಡುವ ನೀರುಗಂಟಿಗಳ ಬಗ್ಗೆ ಅವಳು ಬರೆದಿದ್ದಳು, ಬರೆದದ್ದನ್ನೇ ಮತ್ತೆ ಮತ್ತೆ ತಿದ್ದಿ ಬರೆದಿದ್ದಳು. ಬಿಸಿಲಲ್ಲಿ ಕರ್ರಗಾಗಿ ಮನೆಗೆ ಬಂದಾಗೆಲ್ಲ ನಮ್ಮ ಚಿಕ್ಕಮ್ಮ, “ಮದುವೆ ಮಾಡ್ಕೊಳ್ಳೇ ಅಂದ್ರೆ ಗದ್ದೆ ಬದು ಸುತ್ತುತಾಳೆ,” ಎಂದು ಮೂದಲಿಸುತ್ತಿದ್ದರು. ಪ್ರಬಂಧ ಕೊಟ್ಟರೆ ಕಾಲೇಜಿನಲ್ಲಿ ಕೆಲಸ ಕಾಯಂ ಆಗುವ ಭರವಸೆ ಇತ್ತು. ಕೊಡದಿದ್ದರೆ ಅಷ್ಟೂ ವರ್ಷ ನೀರಲ್ಲಿ ಹೋಮ.

ಅಕ್ಕನೇ ಡಿಟಿಪಿ ಅಂಗಡಿ ಇಟ್ಟುಕೊಂಡಿರುವಾಗ ತಂಗಿ ನರಸೀಪುರದಲ್ಲಿ ಯಾಕೆ ಟೈಪ್ ಮಾಡಿಸಿದಳು ಎಂದು ಯಾರಿಗಾದರೂ ಅನಿಸೀತು. ನನಗೂ ಅನಿಸಿತ್ತು, ಕೇಳಿಯೂ ಇದ್ದೆ. “ನಿನ್ನ ಹತ್ರ ಕೊಟ್ರೆ ನೀನು ಟೈಪ್ ಮಾಡಲ್ಲ, ತಿದ್ದುತೀಯ,” ಎಂದಿದ್ದಳು. ಮಾತೇನೋ ನಿಜ. ಆದರೂ ಆವತ್ತಿನಿಂದ ನನ್ನ ಹೊಟ್ಟೆಯೊಳಗೆ ಸಣ್ಣ ಉರಿ ಇದ್ದೇ ಇತ್ತು. ಬೆಳಿಗ್ಗೆ ಬೆಳಿಗ್ಗೆ ಅದು ನಾಲಿಗೆಗೆ ಬಂದುಬಿಟ್ಟಿತು. “ಅಕ್ಕ ಈಗ ನೆನಪಾದ್ಲಾ?” ಎಂದೆ. ಅವಳ ಮುಖ ನೋಡಿದೆ, ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಬಾಯಿ ಮುಚ್ಚಿಕೊಂಡು ಫ್ಲಾಪಿ ತೂರಿಸಿದೆ.

ಫ್ಲಾಪಿ ಕೆಟ್ಟಿರಲಿಲ್ಲ, ಅಧ್ಯಾಯಕ್ಕೊಂದರಂತೆ ಫೈಲುಗಳೆಲ್ಲ ಇದ್ದವು. ಒಂದನ್ನು ತೆರೆದೆ. ಪರದೆ ತುಂಬ ಡಾಲರ್ ಗುರುತು, ಪ್ರಶ್ನಾರ್ಥಕ ಚಿಹ್ನೆ, ತಲೆಯ ಮೇಲೆ ಚುಕ್ಕೆ ಹೊತ್ತ ಯಾವುದೋ ದೇಶದ ಅಕ್ಷರಗಳು. ಕನ್ನಡದ ಒಂದು ಗೀಟೂ ಇಲ್ಲ.

ಆಗೆಲ್ಲ ಹೀಗೇ. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಎಲ್ಲರೂ ಒಪ್ಪಿದ ಒಂದು ಲೆಕ್ಕವೇ ಇರಲಿಲ್ಲ. ಸಾಫ್ಟ್‌ವೇರ್ ಮಾಡಿದ ಪ್ರತಿಯೊಬ್ಬರೂ ಅಕ್ಷರಗಳಿಗೆ ತಮಗೆ ತೋಚಿದ ಜಾಗ ಕೊಟ್ಟಿದ್ದರು. ಒಬ್ಬರ ‘ಕ’ ಇನ್ನೊಬ್ಬರಲ್ಲಿ ಇಂಗ್ಲಿಷಿನ ಯಾವುದೋ ಚಿಹ್ನೆಯಾಗುತ್ತಿತ್ತು. ಅಷ್ಟೇ ಅಲ್ಲ, ಒಬ್ಬರೇ ಮಾಡಿದ ಹಳೆಯ ಆವೃತ್ತಿಯ ಫೈಲನ್ನು ಅವರದೇ ಹೊಸ ಆವೃತ್ತಿ ಗುರುತು ಹಿಡಿಯುತ್ತಿರಲಿಲ್ಲ. ಇದರ ಮೇಲೆ ಲಾಕು ಬೇರೆ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ. ಅದನ್ನು ಕಂಪ್ಯೂಟರಿನ ಬೆನ್ನಿಗೆ, ಪ್ರಿಂಟರ್ ಸಿಕ್ಕಿಸುವ ಜಾಗದಲ್ಲಿ ಸಿಕ್ಕಿಸಿದರಷ್ಟೇ ಸಾಫ್ಟ್‌ವೇರ್ ಕಣ್ಣು ಬಿಡುತ್ತಿತ್ತು. ಪ್ರಿಂಟರಿನ ವಯರು ಆ ಡಬ್ಬಿಯ ಬೆನ್ನಿಗೆ. ಯಾರೂ ಕಳ್ಳ ನಕಲು ಮಾಡಬಾರದೆಂದು ಆ ಏರ್ಪಾಡು. ಲಾಕು ಕಳೆದರೆ ಅಂಗಡಿ ಮುಚ್ಚಿದ ಹಾಗೇ.

ನನಗೆ ಗೊತ್ತಿದ್ದ ಹಿಕ್ಮತ್ತೆಲ್ಲ ಮಾಡಿದೆ. ನನ್ನಲ್ಲಿದ್ದ ಫಾಂಟುಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಒಂದರಲ್ಲಿ ಕನ್ನಡದಂತೆ ಏನೋ ಮೂಡಿತು. ತಂಗಿ ಕುರ್ಚಿಯಿಂದ ಎದ್ದೇಬಿಟ್ಟಳು. ಓದಲು ಹೋದರೆ ಬರೀ ಒತ್ತಕ್ಷರಗಳ ಸಂತೆ. ಗೆಳತಿಯೊಬ್ಬಳು ಕೊಟ್ಟಿದ್ದ ಪರಿವರ್ತನೆಯ ಸಾಧನವಿತ್ತು, ಅದಕ್ಕೂ ಉಣಿಸಿದೆ. ಅದು ಅರ್ಧ ಅಕ್ಷರ ನುಂಗಿ, ಅಡಿಟಿಪ್ಪಣಿಗಳನ್ನೆಲ್ಲ ಉದುರಿಸಿ, ಕೋಷ್ಟಕಗಳನ್ನು ಕಲಸುಮೇಲೋಗರ ಮಾಡಿ ಉಗುಳಿತು.

“ಹಳೇ ಪ್ರಿಂಟ್ ಇದ್ಯಲ್ಲ, ಅದನ್ನೇ ಕೊಟ್ರೆ?” ಎಂದೆ.

ತಂಗಿ ಅದನ್ನೂ ತಂದಿದ್ದಳು. ಪುಟ ತಿರುವಿದರೆ ಗೈಡ್ ಮೇಷ್ಟ್ರ ಕೆಂಪು ಶಾಯಿ, ಅಂಚಿನಿಂದ ಅಂಚಿಗೆ. ಆ ತಿದ್ದುಪಡಿಗಳು ಫೈಲಿನಲ್ಲಷ್ಟೇ ಆಗಿದ್ದವು. ಮೂರನೆಯ ಅಧ್ಯಾಯದ ಒಂದು ಭಾಗವನ್ನು ಪೂರಾ ಬದಲಿಸದೆ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದಿದ್ದ ಆ ಮೇಷ್ಟ್ರು, ಬದಲಾಯಿಸಿದ್ದನ್ನು ಕೈಬರಹದಲ್ಲಿ ಓದಿ ಒಪ್ಪಿ, ಹಿಂದಿನ ದಿನವಷ್ಟೇ ಪ್ರಬಂಧದ ಜೊತೆ ಸೇರಿಸುವ ಪ್ರಮಾಣಪತ್ರಕ್ಕೆ ಸಹಿ ಮಾಡಿಕೊಟ್ಟಿದ್ದರು. ಆ ಹೊಸ ಭಾಗವನ್ನು ಟೈಪ್ ಹೊಡೆಸಲೆಂದು ನರಸೀಪುರದ ಅಂಗಡಿಗೆ ಹೋದಾಗಲೇ ಈ ಅನಾಹುತ. ಇಡೀ ಪ್ರಬಂಧವನ್ನು ನಾನು ಹೊಸದಾಗಿ ಟೈಪ್ ಮಾಡೋಣವೆಂದರೆ ಊಟ ನಿದ್ದೆ ಬಿಟ್ಟರೂ ವಾರ ಬೇಕು.

“ಬೆಂಕಿ ಬಿದ್ದ ಮೇಲೆ ಬಾವಿ ತೋಡ್ತೀಯಲ್ಲೇ!” ಎಂದು ಕೂಗಾಡಿದೆ. ಕೂಗಾಡುತ್ತಲೇ ನರಸೀಪುರಕ್ಕೆ ಫೋನ್ ಹಚ್ಚಿದೆ. ಅಂಗಡಿಯವನೇ ಎತ್ತಿದ. ನಮ್ಮ ಕಸುಬಿನವರೆಲ್ಲ ಒಬ್ಬರಿಗೊಬ್ಬರು ಪರಿಚಯ.

“ಏನ್ರೀ ಮಾಡಿದ್ರಿ ನನ್ನ ತಂಗಿ ಫೈಲನ್ನ?”

“ಅಯ್ಯೋ ಅಕ್ಕೋರೆ, ನಾನೇನ್ ಮಾಡ್ಲಿ? ಆಯುಧಪೂಜೆ ಆದ ಮಾರ್ನೆ ದಿನದಿಂದ ಲಾಕ್ ಸಿಕ್ತಿಲ್ಲ, ಲಾಕ್ ಸಿಕ್ತಿಲ್ಲ ಅಂತ ಕಂಪ್ಯೂಟ್ರು ಅನ್ನಕ್ಕೆ ಶುರು ಅಚ್ಕತ್ತು. ರಿಪೇರಿಯವ್ರು ಬಂದು, ಲಾಕ್ ಸತ್ತೋಗದೆ, ಒಸಾ ವರ್ಸನ್ ತಗಳಿ ಅಂದ್ರು. ತಗಂಡೆ. ಈಗ ಅದು ಅಳೇ ಫೈಲ್‌ನೇ ಕಾಣೆ ಅಂತದೆ ಕಣ್ರೀ.”

“ಹಳೇ ಸಾಫ್ಟ್‌ವೇರ್ ಫ್ಲಾಪಿಗಳು ಇವೆಯಾ?”

“ಅವೆ.”

“ಹಳೇ ಲಾಕು?”

“ದೇವ್ರ ಗೂಡ್ನಲ್ಲಿ ಮಡಗಿವ್ನಿ. ಅನ್ನ ಇಕ್ಕುದ್ದು, ಎಸಿಯಕ್ಕೆ ಮನ್ಸು ಬರ್ನಿಲ್ಲ.”

“ಎಲ್ಲಾ ತಗೊಂಡು ಈಗ್ಲೇ ಬಸ್ ಹತ್ತಿ.”

“ಸತ್ತೋಗಿರದ ತಂದು ಏನ್ ಮಾಡಾನ ಅಕ್ಕೋರೆ?”

“ಸತ್ತಿದ್ಯೋ ಬದುಕಿದ್ಯೋ ನನ್ನ ಕಣ್ಣಲ್ಲಿ ನೋಡ್ಬೇಕು. ನೀವು ಬರ್ತೀರೋ, ನಾನೇ ಬರ್ಲೋ?”

“ಬತ್ತೀನಿ,” ಎಂದ. ಲಾಕನ್ನು ಬೇರೆಯವರ ಕೈಯಲ್ಲಿ ಕಳಿಸುವ ಮಾತೇ ಇರಲಿಲ್ಲ. ಸತ್ತದ್ದಾದರೂ ಅದನ್ನು ಅವನು ಕಣ್ಣಳತೆಯಿಂದ ದೂರ ಬಿಡುವವನಲ್ಲ. ನಾನಾಗಿದ್ದರೂ ಬಿಡುತ್ತಿರಲಿಲ್ಲ.

ನರಸೀಪುರದ ಬಸ್ಸು ದಾರಿಯ ಎಲ್ಲ ಊರಿಗೂ ನಿಂತು, ಎಲ್ಲರ ಹುಲ್ಲಿನ ಹೊರೆ, ಬಾಳೆಗೊನೆ ಹತ್ತಿಸಿಕೊಂಡು ಬರುವ ಬಸ್ಸು. ನಾವಿಬ್ಬರೂ ಕಾದೆವು. ಸೋಮವಾರವಾದ್ದರಿಂದ ನಂಜುಂಡೇಶ್ವರನ ದೇವಸ್ಥಾನದ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮದುವೆ ಕರೆಯೋಲೆ ಮಾಡಿಸಲು ಬಂದವರನ್ನು ನಾಳೆ ಬನ್ನಿ ಎಂದು ಕಳಿಸಿದೆ. ಅವರಲ್ಲೊಬ್ಬರು, “ಏನಮ್ಮ, ಯಾರಿಗಾದ್ರೂ ಹುಷಾರಿಲ್ವೇ?” ಎಂದು ತಂಗಿಯ ಮುಖ ನೋಡಿ ಕೇಳಿದರು. ತಿಂಡಿ ತರಿಸಿದರೆ ಅವಳು ಮುಟ್ಟಲಿಲ್ಲ. ಬೈಯುವುದಕ್ಕೂ ನನಗೆ ಮನಸ್ಸು ಬರಲಿಲ್ಲ.

ಅಂಗಡಿಯವನು ಬಂದಾಗ ಹನ್ನೊಂದು ದಾಟಿತ್ತು. ಹಣೆಯ ಮೇಲೆ ವಿಭೂತಿ ಪಟ್ಟೆ, ಕಂಕುಳಲ್ಲಿ ರೆಕ್ಸಿನ್ ಚೀಲ. ನೀರು ಕುಡಿಯಿರಿ ಎಂದು ಹೇಳುವ ಸೌಜನ್ಯವೂ ನನಗೆ ಉಳಿದಿರಲಿಲ್ಲ. “ತೆಗೀರಿ ಲಾಕು,” ಎಂದೆ. ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಡಬ್ಬಿಯನ್ನು ಬಿಚ್ಚಿ ಕೊಟ್ಟ.

ಡಬ್ಬಿಗೂ ಅವನ ಹಣೆಗೂ ವ್ಯತ್ಯಾಸವಿರಲಿಲ್ಲ. ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮದ ಬೊಟ್ಟು. ತಿರುಗಿಸಿ, ಕಂಪ್ಯೂಟರಿಗೆ ಸಿಕ್ಕುವ ಕಡೆ ನೋಡಿದೆ. ಸಾಲಾಗಿ ನಿಂತ ಪುಟ್ಟ ಪಿನ್ನುಗಳು ಅರ್ಧಕ್ಕರ್ಧ ಕಾಣುತ್ತಲೇ ಇರಲಿಲ್ಲ. ನೀರಲ್ಲಿ ಕಲಸಿ ಬಳಿದ ವಿಭೂತಿ ಅವುಗಳ ಸಂದಿಗೆ ಇಳಿದು, ಒಣಗಿ, ಸುಣ್ಣದ ಗೋಡೆಯ ಹಾಗೆ ಗಟ್ಟಿಯಾಗಿತ್ತು.

“ಏನ್ರೀ ಇದು?”

“ಪೂಜೆ ಮಾಡಿದ್ದು ಕಣಕ್ಕೋರೆ. ಕಂಪ್ಯೂಟ್ರು, ಪ್ರಿಂಟ್ರು ಎಲ್ಲಾಕೂ ಬಳುದ್ವಲ್ಲ. ಇದ್ರಿಂದ್ಲೇ ಅಲ್ವಾ ಅನ್ನ ಅಂತ ಇದ್ನ ಬಿಚ್ಚಿ ಮಡಗಿ ವಸಿ ಜಾಸ್ತಿನೇ ಬಳುದೆ.”

ನನಗೆ ನಗು ಬಂತೋ ಸಿಟ್ಟು ಬಂತೋ ಈಗಲೂ ಹೇಳಲಾರೆ. ಬೈಯಬೇಕೆಂದು ತಲೆ ಎತ್ತಿದರೆ ನನ್ನದೇ ಕಂಪ್ಯೂಟರಿನ ನೆತ್ತಿಯ ಮೇಲೆ ಅದೇ ಹಬ್ಬದ ಕುಂಕುಮ ಒಣಗಿ ಕೂತಿತ್ತು. ಎಲ್ಲರ ಮನೆ ದೋಸೆಯೂ ತೂತೇ. ಬೈಗುಳ ನುಂಗಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ಪಿರಿಟ್ ಬಾಟಲಿ ತಂದು ಕೂತೆ. ಪಿನ್ನು ಬಗ್ಗಿದರೆ ಮುಗಿಯಿತು. ಉಸಿರು ಬಿಗಿಹಿಡಿದು, ಸೂಜಿಯ ಮೊನೆಯಿಂದ ಒಂದೊಂದೇ ಸಂದಿಯನ್ನು ಕೆರೆದೆ. ತಂಗಿ ನನ್ನ ಭುಜದ ಮೇಲೆ ಬಗ್ಗಿದ್ದಳು. “ನೆರಳು ಬೀಳತ್ತೆ, ಆಚೆ ಸರಿಯೇ!” ಎಂದು ಗದರಿಸಿದೆ.

ಹಳೆಯ ಸಾಫ್ಟ್‌ವೇರನ್ನು ನನ್ನ ಹಳೆಯ ಕಂಪ್ಯೂಟರಿಗೆ ಹಾಕಿ, ಲಾಕು ಸಿಕ್ಕಿಸಿ, ಶುರು ಮಾಡಿದೆ. ಪರದೆಯ ಮೇಲೆ ‘ಲಾಕ್ ಸಿಗಲಿಲ್ಲ.’ ತೆಗೆದು ಮತ್ತೆ ಉಜ್ಜಿದೆ. ಮತ್ತೆ ಸಿಕ್ಕಿಸಿದೆ. ‘ಲಾಕ್ ಸಿಗಲಿಲ್ಲ.’ ಅಂಗಡಿಯವನು, “ಯೋಳುದ್ನಲ್ಲ ಅಕ್ಕೋರೆ,” ಎಂದ. ತಂಗಿ ಕಿಟಕಿಯ ಕಡೆ ತಿರುಗಿಬಿಟ್ಟಳು. ಮೂಲೆಯ ಪಿನ್ನೊಂದರ ಬುಡದಲ್ಲಿ ಇನ್ನೂ ಬಿಳಿ ಚೂರು ಕಂಡಿತು. ಅದನ್ನು ಎಬ್ಬಿಸಿ, ಊದಿ, ನಂಜುಂಡೇಶ್ವರನಿಗೆ ಮನಸ್ಸಿನಲ್ಲೇ ಕೈ ಮುಗಿದು ಮತ್ತೊಮ್ಮೆ ಸಿಕ್ಕಿಸಿದೆ.

ಪರದೆ ಕಪ್ಪಾಯಿತು. ಆಮೇಲೆ ನೀಲಿ. ಆಮೇಲೆ ಅಧ್ಯಾಯ ಒಂದು, ದುಂಡು ದುಂಡಾದ ಕನ್ನಡದಲ್ಲಿ, ಅಡಿಟಿಪ್ಪಣಿ ಸಮೇತ. ತಂಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಂಗಡಿಯವನು, “ಶಿವನೇ, ಬದುಕದೆ!” ಎಂದು ಡಬ್ಬಿಗೆ ಕೈ ಮುಗಿದ. “ಅದಕ್ಕೆ ಮತ್ತೆ ಏನಾದ್ರೂ ಬಳಿದ್ರೆ ನೋಡಿ!” ಎಂದೆ ನಾನು.

ಇನ್ನೇನು, ತಿದ್ದುವ ಭಾಗವನ್ನು ಹೊಡೆದು ಬಿಸಾಕುತ್ತೇನೆ ಎಂದು ಜಂಬದಿಂದ ಕೀಬೋರ್ಡು ಎಳೆದುಕೊಂಡೆ. ಒಂದು ಸಾಲು ಹೊಡೆದು ತಲೆಯೆತ್ತಿದರೆ ಪರದೆಯ ಮೇಲೆ ಯಾವ ಭಾಷೆಯೂ ಅಲ್ಲದ ಏನೋ. ಅವನ ಸಾಫ್ಟ್‌ವೇರಿನಲ್ಲಿ ಕೀಲಿಗಳ ಜೋಡಣೆಯೇ ಬೇರೆ. ವರ್ಷಗಟ್ಟಲೆ ನೋಡದೆ ಹೊಡೆದ ನನ್ನ ಬೆರಳುಗಳು ಅಲ್ಲಿ ಪೂರಾ ಕುರುಡು. ಎದ್ದು ಅವನನ್ನು ಕೂರಿಸಿದೆ. ಅವನೋ, ಎರಡೇ ಬೆರಳಿನ ಮನುಷ್ಯ. ತಂಗಿ ಕೈಬರಹ ನೋಡಿ ಹೇಳಬೇಕು, ಅವನು ಕೀಲಿ ಹುಡುಕಿ ಒತ್ತಬೇಕು, ಒತ್ತಿದ್ದನ್ನು ತಲೆಯೆತ್ತಿ ನೋಡಬೇಕು. “ತೂಬಿನ… ಬಾಯಿಗೆ…” ಎಂದು ಅವನು ಒಂದೊಂದೇ ಪದವನ್ನು ಜಗಿಯುವಾಗ ನನಗೆ ಅವನ ಬೆರಳು ಹಿಡಿದು ಎಳೆಯಬೇಕೆನಿಸುತ್ತಿತ್ತು. ತಡೆಯಲಾರದೆ, “ಬೇಗ ಬೇಗ ಕಣ್ರೀ!” ಎಂದರೆ, “ಬಿರ್ರನೆ ಒಡುದ್ರೆ ತಪ್ಪಾಯ್ತದೆ ಅಕ್ಕೋರೆ, ಆಮೇಲೆ ಇನ್ನೂ ಒತ್ತಾಯ್ತದೆ,” ಎಂದ. ಅವನು ಹೇಳಿದ್ದೇ ಸರಿ. ಆದರೂ ನಾನು ಕೂತಲ್ಲಿ ಕೂರಲಾರದೆ ಬಾಗಿಲಿಗೂ ಮೇಜಿಗೂ ಅಡ್ಡಾಡಿದೆ.

ಮಧ್ಯೆ ಕರೆಂಟು ಹೋಯಿತು. ಯುಪಿಎಸ್ ಕೊಂಯ್ ಕೊಂಯ್ ಎಂದು ಅಳತೊಡಗಿತು. “ಸೇವ್ ಮಾಡಿ, ಸೇವ್ ಮಾಡಿ!” ಎಂದು ನಾನೂ ತಂಗಿಯೂ ಒಟ್ಟಿಗೆ ಕಿರುಚಿದೆವು. ಪಕ್ಕದ ಬಳೆ ಅಂಗಡಿಯವರು ಏನಾಯಿತೋ ಎಂದು ಓಡಿ ಬಂದರು. ಪುಣ್ಯಕ್ಕೆ ಕರೆಂಟು ಬೇಗ ಬಂತು.

ಕೊನೆಯ ಪುಟ ಪ್ರಿಂಟರಿನಿಂದ ಹೊರಬಿದ್ದಾಗ ಎರಡೂವರೆ. ಗೈಡು ಹೇಳಿದ್ದರೆಂದು ತಂಗಿ ಪೂರ್ತಿ ಪ್ರಬಂಧವನ್ನು ಹೊಸ ಫ್ಲಾಪಿಗಳಿಗೂ ನಕಲು ಮಾಡಿಸಿಕೊಂಡಳು. ಆ ವರ್ಷದಿಂದ ಆಫೀಸಿನಲ್ಲಿ ಕಾಗದದ ಜೊತೆಗೆ ಅದನ್ನೂ ಕೇಳುತ್ತಿದ್ದರಂತೆ. ಅಂಗಡಿಯವನು ಲಾಕನ್ನು ಮತ್ತೆ ಪಂಚೆಯ ತುಂಡಿಗೆ ಸುತ್ತಿ, “ನಮ್ಮಿಂದ ತೊಂದ್ರೆ ಆಯ್ತು ಮೇಡಂ, ಮನ್ಸಲ್ಲಿ ಮಡಿಕಬೇಡಿ,” ಎಂದು ತಂಗಿಗೆ ಹೇಳಿ ನರಸೀಪುರದ ಬಸ್ಸಿಗೆ ಹೊರಟ. ನಾನು ಅಂಗಡಿಗೆ ಬಾಗಿಲು ಹಾಕಿ ತಂಗಿಯ ಜೊತೆ ಮೈಸೂರಿನ ಬಸ್ಸು ಹತ್ತಿದೆ. ಜೆರಾಕ್ಸ್, ಅರ್ಜೆಂಟ್ ಬೈಂಡಿಂಗ್. ಬೈಂಡಿಂಗ್ ಅಂಗಡಿಯಲ್ಲಿ ಗೋಂದು ಒಣಗುವವರೆಗೆ ಗಡಿಯಾರ ನೋಡುತ್ತ ನಿಂತೆವು. ಆಟೋದಿಂದಿಳಿದು ಆಫೀಸಿನ ಮೆಟ್ಟಿಲು ಹತ್ತಿದಾಗ ಐದಕ್ಕೆ ಇನ್ನು ಹತ್ತು ನಿಮಿಷವೂ ಇರಲಿಲ್ಲ.

ಕೌಂಟರಿನ ಗುಮಾಸ್ತರು ವಯಸ್ಸಾದವರು, ಒಳ್ಳೆಯವರೇ. ಪ್ರತಿಗಳನ್ನು ನೋಡಿದರು, ಸಹಿಗಳನ್ನು ನೋಡಿದರು, ತಲೆಯಾಡಿಸಿದರು. ಫ್ಲಾಪಿ ಕೇಳಿದರು. ತಂಗಿ ಕೊಟ್ಟಳು. ಅದನ್ನು ಎತ್ತಿಟ್ಟುಕೊಳ್ಳುತ್ತಾರೆಂದು ನಾನು ಅಂದುಕೊಂಡಿದ್ದರೆ, ಅವರು ಪಕ್ಕದ ಕಂಪ್ಯೂಟರಿಗೆ ಹಾಕಿ ತೆರೆದರು.

ಡಾಲರ್ ಗುರುತು. ಪ್ರಶ್ನಾರ್ಥಕ ಚಿಹ್ನೆ. ಚುಕ್ಕೆ ಹೊತ್ತ ಅಕ್ಷರಗಳು.

“ಏನಮ್ಮಾ ಇದು? ಫೈಲ್ ಕೆಟ್ಟೋಗಿದೆ.”

“ಕೆಟ್ಟಿಲ್ಲ ಸಾರ್,” ಎಂದು ನಾನು ಮುಂದೆ ನುಗ್ಗಿದೆ. ಸಾಫ್ಟ್‌ವೇರು, ಆವೃತ್ತಿ, ಲಾಕು, ನರಸೀಪುರ ಎಂದು ಒಂದೇ ಉಸಿರಿಗೆ ಒದರಿದೆ. ನನ್ನ ದನಿ ಏರಿದಷ್ಟೂ ಅವರ ಮುಖ ಬಿಗಿಯಿತು.

“ನೋಡಿ, ಇದರಲ್ಲಿ ಇರೋದು ಈ ಪ್ರಬಂಧಾನೇ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಏನೋ ತುಂಬಿಸಿ ಕೊಟ್ರು ಅಂತ ನಾಳೆ ನನ್ನ ತಲೆಗೆ ಬರುತ್ತೆ. ತೆರೆಯೋ ಹಾಗೆ ಮಾಡಿಸ್ಕೊಂಡು ಬನ್ನಿ.”

“ಎಲ್ಲಿಂದ ಮಾಡಿಸ್ಕೊಂಡು ಬರೋದು ಸಾರ್? ಇನ್ನು ಐದು ನಿಮಿಷ ಇದೆ!” ಎಂದು ನಾನು ಕಿರುಚಿದೆ. ಆಚೆ ಮೇಜಿನವರು ಬ್ಯಾಗು ಹೆಗಲಿಗೆ ಹಾಕಿಕೊಂಡವರು ಹಾಗೇ ನಿಂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ.

“ಅಕ್ಕ, ಸುಮ್ನಿರು,” ಎಂದಳು ತಂಗಿ. ಬೆಳಗಿನಿಂದ ಅವಳ ಬಾಯಲ್ಲಿ ಅಷ್ಟು ಸ್ಪಷ್ಟವಾದ ಮಾತು ನಾನು ಕೇಳಿರಲಿಲ್ಲ. ಗುಮಾಸ್ತರ ಮುಂದಿದ್ದ ಬೈಂಡು ಪ್ರತಿಯನ್ನು ಅವಳೇ ತೆರೆದು, ಅಧ್ಯಾಯ ಒಂದನ್ನು ಅವರ ಕಡೆ ತಿರುಗಿಸಿದಳು. “ನೀವು ಪುಸ್ತಕ ನೋಡ್ತಾ ಇರಿ ಸಾರ್. ನಾನು ಕಂಪ್ಯೂಟರಲ್ಲಿರೋದನ್ನ ಓದ್ತೀನಿ. ಒಂದು ಅಕ್ಷರ ತಪ್ಪಿದ್ರೂ ತಗೋಬೇಡಿ.”

ಕೌಂಟರಿನ ಮೇಲೆ ಬಗ್ಗಿ, ಆ ಡಾಲರುಗಳ ಮೇಲೆ ಬೆರಳಿಟ್ಟು ಓದತೊಡಗಿದಳು.

“ನೀರಿಗೆ ದಾರಿ ಗೊತ್ತು, ಸರದಿ ಗೊತ್ತಿಲ್ಲ. ಸರದಿಯನ್ನು ಹೇಳುವವನು ನೀರುಗಂಟಿ. ನಾಲೆಯ ಮೊದಲ ತೂಬಿನಲ್ಲಿ ನಿಂತವನಿಗೆ ಕೊನೆಯ ತೂಬಿನ ಗದ್ದೆ ಕಾಣುವುದಿಲ್ಲ. ಅದನ್ನು ಕಾಣಬಲ್ಲವನೇ ಆ ಕೆಲಸಕ್ಕೆ ಅರ್ಹನೆಂದು ಹುಲ್ಲಹಳ್ಳಿಯ ಕಡೆಯ ರೈತರು ನಂಬುತ್ತಾರೆ. ಅಡಿಟಿಪ್ಪಣಿ ಒಂದು…”

ಸಾಲಿನ ಕೊನೆಗೆ ಬೆರಳು ಹೋಗುತ್ತಿತ್ತು, ಮುಂದಿನ ಸಾಲಿಗೆ ಇಳಿಯುತ್ತಿತ್ತು. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಪುಸ್ತಕದ ಸಾಲುಗಳ ಮೇಲೆ ತಮ್ಮ ಪೆನ್ನು ಆಡಿಸುತ್ತಿದ್ದರು. ಒಮ್ಮೆ ಪರದೆ ನೋಡುವರು, ಒಮ್ಮೆ ಪುಟ ನೋಡುವರು, ಒಮ್ಮೆ ಅವಳನ್ನು. “ಕೆಳಗೆ ಸರಿಸಿ ಸಾರ್,” ಎಂದಳು ತಂಗಿ. ಅವರು ಸರಿಸಿದರು. ಅವಳು ಓದಿದಳು. ಅವರು ಪುಟ ತಿರುವಿದರು. ಇಡೀ ಕೋಣೆಯಲ್ಲಿ ಅವಳ ದನಿ ಬಿಟ್ಟರೆ ಫ್ಯಾನಿನ ಸದ್ದು ಮಾತ್ರ.

ಎರಡನೆಯ ಪುಟದ ನಡುವೆ ಗುಮಾಸ್ತರು ಪೆನ್ನು ಕೆಳಗಿಟ್ಟರು. “ಸಾಕು ತಾಯಿ,” ಎಂದರು. ಮುದ್ರೆಯನ್ನು ಶಾಯಿಗೆ ಒತ್ತಿ, ಪ್ರತಿಯೊಂದರ ಮೇಲೂ ದಪ್ ದಪ್ ಎಂದು ಹಾಕಿ, ಆ ದಿನದ ತಾರೀಖು ಬರೆದು ಸ್ವೀಕೃತಿ ಕೊಟ್ಟರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ನನಗೆ ಇನ್ನೂ ಉಸಿರು ಹತೋಟಿಗೆ ಬಂದಿರಲಿಲ್ಲ. “ಲೇ, ಆ ಕಸದಲ್ಲಿ ನಿಂಗೆ ಅಕ್ಷರ ಹೇಗೇ ಕಾಣಿಸ್ತು?” ಎಂದು ಕೇಳಿದೆ.

“ಏನು ಕಾಣ್ಸುತ್ತೆ ಕಣಕ್ಕ?” ಎಂದಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ಕಣ್ತುಂಬ ನೀರಿತ್ತು. ಕಂಪ್ಯೂಟರ್ರೇ ಕಾಣಿಸ್ತಿರಲಿಲ್ಲ.”